ಎರಡೂ ಎಡಗೈ ತೋಳು

ಟೇಪಕ್ಕ ಎಂದರೆ ಬೀದಿಗೆಲ್ಲ ಗೊತ್ತು. ಬಟ್ಟೆ ಹೊಲಿಯುವವಳು, ಕೊರಳಲ್ಲಿ ಸದಾ ಅಳತೆಯ ಟೇಪು. ಒಮ್ಮೆ ಅಳತೆ ತೆಗೆದರೆ ಮುಗಿಯಿತು, ಬರೆದಿಡುವ ಮಾತೇ ಇಲ್ಲ. "ಸೊಂಟ ಒಂದಿಂಚು ಜಾಸ್ತಿಯಾಗಿದೆ ಕಣೇ" ಎಂದು ನೋಡಿಯೇ ಹೇಳುತ್ತಿದ್ದಳು. ಅಂಥವಳು ಈಗ ಹಾಡಹಗಲೇ ಅಂಗಡಿಯ ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು ಎಂದರೆ!

ಎದೆಯ ಕ್ಯಾನ್ಸರ್‌ಗೆ ಕೊಟ್ಟ ಕೀಮೋ ಮುಗಿದು ನಾಲ್ಕು ತಿಂಗಳಾಗಿತ್ತು. ಕೂದಲು ಮತ್ತೆ ಬಂದಿತ್ತು. ನೆಂಟರಿಷ್ಟರು "ಗೆದ್ದೆ ಬಿಡು" ಎಂದು ಬೆನ್ನು ತಟ್ಟಿ ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಇತ್ತ ಕತ್ತರಿ ಹಿಡಿದರೆ ಸಾಕು, ಈಗಷ್ಟೇ ನೋಡಿದ ಅಳತೆ ಮರೆತುಹೋಗುತ್ತಿತ್ತು. ಗುಂಡಿ ಎನ್ನುವ ಮಾತು ಬಾಯಿಗೆ ಬಾರದೆ "ಅದೇ... ದುಂಡಗಿರುತ್ತಲ್ಲ" ಎಂದು ತಡವರಿಸುತ್ತಿದ್ದಳು. ಗಂಡನ ಹತ್ತಿರ ಒಮ್ಮೆ ಹೇಳಿಕೊಂಡಳು.

"ಕಾಯಿಲೆ ಬಂದಿದ್ದು ಎದೆಗೆ, ತಲೆಗೇನಾಯ್ತೇ? ಸುಮ್ನೆ ಏನೇನೋ ಯೋಚನೆ ಮಾಡ್ಬೇಡ" ಅಂದುಬಿಟ್ಟ, ಪುಣ್ಯಾತ್ಮ.

ಅಲ್ಲಿಗೆ ಅವಳ ಬಾಯಿ ಕಟ್ಟಿತು. ನನಗೆ ಹುಚ್ಚು ಹಿಡಿಯುತ್ತಿದೆ, ಗೊತ್ತಾದರೆ ಯಾರು ಬಟ್ಟೆ ಕೊಡುತ್ತಾರೆ ಎಂದು ಒಳಗೊಳಗೇ ಬೇಯುತ್ತಿದ್ದಳು. ಎಷ್ಟೋ ದಿನ ಹೊಲಿಗೆ ಯಂತ್ರ ಬಿಟ್ಟರೆ ಅವಳ ಜೊತೆಗೆ ಯಾರೂ ಇರುತ್ತಿರಲಿಲ್ಲ.

ಒಂದು ದಿನ ಅದೇ ಬೀದಿಯ ನರ್ಸಮ್ಮನ ಬಿಳಿ ಕೋಟು ಹೊಲಿಯುತ್ತಿದ್ದಳು. ತೋಳು ಜೋಡಿಸಲು ಹೋದರೆ, ಅಯ್ಯೋ, ಎರಡೂ ಎಡಗೈಯದ್ದೇ! ಒಂದನ್ನು ತಿರುಗಿಸಿ ಕತ್ತರಿಸಬೇಕು. ಹೊಸದಾಗಿ ಕಲಿಯುವವರು ಮರೆಯುವ ಸಂಗತಿ. ಇಪ್ಪತ್ತು ವರ್ಷ ಹೊಲಿದವಳು ಮರೆತಿದ್ದಳು, ಅದೂ ಒಂದೇ ವಾರದಲ್ಲಿ ಎರಡನೇ ಸಲ. ಬಾಗಿಲು ಹಾಕಿ ಬಿಕ್ಕಿ ಬಿಕ್ಕಿ ಅತ್ತಳು. "ಯಂತ್ರ ಮಾರಿಬಿಡಿ. ಇನ್ನು ನನ್ನ ಕೈಲಾಗಲ್ಲ" ಎಂದು ಗಂಡನಿಗೆ ಫೋನ್ ಮಾಡಿದಳು.

ಗಂಡ ಓಡಿ ಬರುವಷ್ಟರಲ್ಲಿ ಕೋಟು ಒಯ್ಯಲು ನರ್ಸಮ್ಮನೂ ಬಂದಳು. ತೋಳುಗಳನ್ನು ನೋಡಿದಳು, ಟೇಪಕ್ಕನ ಮುಖ ನೋಡಿದಳು.

"ಎಷ್ಟು ದಿನದಿಂದ ಹೀಗೆ, ಅಕ್ಕಾ?"

"ಕೀಮೋ ಆದಾಗಿಂದ. ಏನೂ ನೆನಪಿರಲ್ಲ, ಹುಚ್ಚು ಹಿಡೀತಿದೆ ಅನ್ಸುತ್ತೆ."

"ಅಷ್ಟೂ ದಿನ ಒಬ್ರೇ ನುಂಗ್ಕೊಂಡಿದ್ರಾ? ಇದು ಹುಚ್ಚಲ್ಲ ಅಕ್ಕಾ. ಕೀಮೋ ತಗೊಂಡ ಎಷ್ಟೋ ಜನಕ್ಕೆ ಮರೆವು ಬರುತ್ತೆ, ಗಮನ ನಿಲ್ಲಲ್ಲ. ಔಷಧಿ, ಕಾಯಿಲೆ, ಸುಸ್ತು, ನಿದ್ದೆಗೇಡು, ಚಿಂತೆ, ಎಲ್ಲಾ ಸೇರಿರುತ್ತೆ. ಸುಮಾರು ಜನಕ್ಕೆ ಬರ್ತಾ ಬರ್ತಾ ಕಮ್ಮಿಯಾಗುತ್ತೆ, ಕೆಲವರಿಗೆ ತಡ ಆಗುತ್ತೆ. ಡಾಕ್ಟರಿಗೆ ಹೇಳಲೇಬೇಕು."

"ಹಾಗಾದ್ರೆ ಕೀಮೋ ತಗೊಂಡಿದ್ದೇ ತಪ್ಪಾಯ್ತಾ?" ಗಂಡ ಕೇಳಿದ.

"ಅಣ್ಣಾ, ಅಕ್ಕನ ಜೀವ ಉಳಿಸಿದ್ದೇ ಅದು! ಈಗ ತಗೊಳ್ತಿರೋ ಯಾವ ಮಾತ್ರೆನೂ ನೀವಾಗೇ ನಿಲ್ಲಿಸ್ಬೇಡಿ. ಅಕ್ಕಾ, ಅಳತೆ ಬರೆದಿಡಿ. ಒಂದು ಸಲಕ್ಕೆ ಒಂದೇ ಬಟ್ಟೆ. ದಿನಾ ಸ್ವಲ್ಪ ನಡೀರಿ, ಚೆನ್ನಾಗಿ ನಿದ್ದೆ ಮಾಡಿ."

ಗಂಡನ ಮುಖ ಸಪ್ಪಗಾಯಿತು. "ನೀನು ಹೇಳ್ದಾಗ ನಂಬಲಿಲ್ಲ ಕಣೇ" ಎಂದ.

"ಮರೆವಿಗಿಂತ ಅದೇ ಹೆಚ್ಚು ನೋವಾಯ್ತು" ಎಂದಳು ಅವಳು.

ಅವನು ಸೀಮೆಸುಣ್ಣ ಎತ್ತಿಕೊಂಡ. ಒಂದು ತೋಳಿನ ಮೇಲೆ 'ಎಡ' ಎಂದು ಬರೆದ. ಉಳಿದ ಬಟ್ಟೆ ಹಾಸಿ, "ಈಗ ಬಲಗೈಯದ್ದು. ನೀನು ಹೇಳು, ನಾನು ಗುರುತು ಹಾಕ್ತೀನಿ" ಎಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತ. ನಾಲ್ಕು ತಿಂಗಳಲ್ಲಿ ಅವಳ ಪಕ್ಕದಲ್ಲಿ ಒಬ್ಬರು ಕೂತದ್ದು ಅದೇ ಮೊದಲು.

ನಿಮ್ಮ ಮನೆಯಲ್ಲೂ ಕೀಮೋ ಮುಗಿಸಿದವರಿದ್ದಾರೆಯೇ? ಕೂದಲು ಬಂತಲ್ಲ, ಇನ್ನೇನು ಎನ್ನಬೇಡಿ. ಮರೆವಿದೆಯೇ ಎಂದು ನೀವೇ ಕೇಳಿ, ಹೇಳಿದರೆ ನಂಬಿ, ವೈದ್ಯರ ಹತ್ತಿರ ಜೊತೆಗೆ ಹೋಗಿ. ದಿಢೀರನೆ ಗೊಂದಲವಾದರೆ, ತಲೆ ಸಿಡಿಯುವಂತೆ ನೋವಾದರೆ, ಕೈ ಅಥವಾ ಕಾಲಿನ ಬಲ ಕುಂದಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಾಗಿಲು ಹಾಕಿಕೊಂಡು ಕೂತವರು ತಾವಾಗಿ ತೆರೆಯುವುದಿಲ್ಲ. ಇವತ್ತೇ ಹೋಗಿ ತಟ್ಟಿ.