ದೀಪದ ಕಂಬಕ್ಕೆ ಒರಗಿದ ಕೋಲು

ಕ್ಯಾಮೆರಾ ಕೋಣೆಯಲ್ಲಿ ಕೂತು ಊರು ಕಾಯುವುದು ಪುಟ್ಟಕ್ಕನ ಕೆಲಸ. ರೈಲು ನಿಲ್ದಾಣದಲ್ಲಿ ಬಾಂಬ್ ಸಿಡಿದ ಮೇಲೆ ಸರ್ಕಾರ ಬೀದಿಬೀದಿಗೂ ಕಣ್ಣು ನೆಟ್ಟಿತ್ತು. ಆ ದಿನ ಗೆಳತಿಯನ್ನು ಕಳೆದುಕೊಂಡಿದ್ದ ಪುಟ್ಟಕ್ಕನಿಗೆ ಆ ಕಣ್ಣುಗಳ ಮೇಲೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಯಂತ್ರವೂ ಸಾಮಾನ್ಯದ್ದಲ್ಲ, ಮುಖದ ಜೊತೆ ನಡಿಗೆಯನ್ನೂ ಗುರುತು ಹಿಡಿಯುತ್ತಿತ್ತು. ಗೊತ್ತಿರುವ ಮುಖಕ್ಕೆ ಗೊತ್ತಿಲ್ಲದ ನಡಿಗೆ ಬಂತೋ, ಇದು ಯಾರೋ ವೇಷಧಾರಿ ಎಂದು ಅಲಾರಂ ಹೊಡೆದುಕೊಳ್ಳುತ್ತಿತ್ತು.

ಅವತ್ತು ಸಂಜೆ ಅಲಾರಂ ಹೊಡೆದದ್ದು ಅವಳ ಅಮ್ಮನ ಮುಖಕ್ಕೆ.

ಜಾರಿಬಿದ್ದು ಮೊಣಕಾಲಿಗೆ ಪೆಟ್ಟಾದಂದಿನಿಂದ ಅಮ್ಮ ಕೋಲೂರಿ ಕುಂಟುತ್ತಿದ್ದಳು; ಯಂತ್ರಕ್ಕೆ ಗೊತ್ತಿದ್ದದ್ದೂ ಆ ಕುಂಟು ನಡಿಗೆಯೇ. ದಿನಾ ಸಂಜೆ ನದಿ ದಂಡೆಯಲ್ಲಿ ಸ್ವಲ್ಪ ಹೊತ್ತು ಅಡ್ಡಾಡಿ ಬನ್ನಿ ಎಂದಿದ್ದರು ಡಾಕ್ಟರು. ಮನೆಯಲ್ಲಿ ಎದ್ದರೆ ಎಲ್ಲಿಗೆ, ಕೂತರೆ ಯಾಕೆ ಎಂದು ಕೇಳುವವರೇ ಎಲ್ಲ. ಡಾಕ್ಟರ ಮಾತಿಗೆ ಮಾತ್ರ ಯಾರೂ ಅಡ್ಡ ಬರುತ್ತಿರಲಿಲ್ಲ. ಮೊಣಕಾಲು ವಾಸಿಯಾದರೆ ಆ ಸಂಜೆಗೂ ಕಲ್ಲು ಬೀಳುವುದು ಖಂಡಿತ.

ಪರದೆಯಲ್ಲಿ ಅಮ್ಮ ಓಡುತ್ತಿದ್ದಳು. ಕೋಲು ಕಂಕುಳಲ್ಲಿ, ಚಪ್ಪಲಿ ಕೈಯಲ್ಲಿ, ಬಾಯ್ತುಂಬ ನಗು. ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡಿ, ನಿಂತು, ಏದುಸಿರು ಬಿಡುತ್ತ ನದಿಗೆ ಏನೋ ಹೇಳಿ, ಮತ್ತೆ ಓಡಿದಳು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಈ ಹೆಂಗಸನ್ನು ಪುಟ್ಟಕ್ಕ ಒಮ್ಮೆಯೂ ನೋಡಿರಲಿಲ್ಲ. ನೋಡಿದ್ದು ಸರಿಯಲ್ಲ ಎಂದೂ ಅದೇ ಕ್ಷಣಕ್ಕೆ ಅನ್ನಿಸಿತು.

ಯಂತ್ರ ಕಾಯುತ್ತಿತ್ತು. ಪೊಲೀಸರನ್ನು ಕಳಿಸಬೇಕು, ಇಲ್ಲವೇ ಈ ಓಟವನ್ನೂ ಅಮ್ಮನ ಹೆಸರಿಗೆ ದಾಖಲಿಸಬೇಕು. ದಾಖಲಿಸಿದರೆ ಆ ಓಟ ಎಂದೆಂದಿಗೂ ಸರ್ಕಾರದ್ದು. ಎರಡೂ ಬೇಡವೆಂದರೆ ಈ ಒಂದು ಸಲಕ್ಕೆ ಬಿಟ್ಟುಬಿಡಬಹುದು. ಪುಟ್ಟಕ್ಕ ಬಿಟ್ಟಳು. ಆದರೆ ನಾಳೆ ಅಲಾರಂ ಬೇರೆಯವರ ಮೇಜಿನಲ್ಲಿ ಹೊಡೆದರೆ? ಅಮ್ಮನಿಗೆ ಹೇಳೋಣವೆಂದರೆ, ಯಾರೋ ನೋಡುತ್ತಿದ್ದಾರೆಂದು ಗೊತ್ತಾದ ಮೇಲೆ ಅವಳು ಓಡುವುದುಂಟೇ?

ಮನೆಗೆ ಬಂದರೆ ಅಮ್ಮ ಕುಂಟುತ್ತ ಬಂದು ಬಾಗಿಲು ತೆಗೆದಳು. ರಾತ್ರಿ ಊಟವಾದ ಮೇಲೆ ಪುಟ್ಟಕ್ಕ ಅವಳ ಮೊಣಕಾಲಿಗೆ ಎಣ್ಣೆ ತಿಕ್ಕಲು ಕೂತಳು. ಕೈಗೆ ಸಿಕ್ಕಿದ್ದು ಗಟ್ಟಿಮುಟ್ಟಾದ ಕಾಲು. ಕ್ಯಾಮೆರಾ ಎಲ್ಲೆಲ್ಲಿ ಇಲ್ಲ ಎಂದು ಹೊರಗೆ ಬಾಯಿಬಿಟ್ಟರೆ ಕೆಲಸ ಹೋದಂತೆಯೇ. ಆದರೂ ತಲೆ ಎತ್ತದೆ ಹೇಳಿದಳು:

"ಸೇತುವೆ ದಾಟಿದ್ರೆ ಗಾಳಿ ಇನ್ನೂ ಚೆನ್ನಾಗಿರತ್ತಮ್ಮ. ಕೊನೇ ದೀಪದ ಕಂಬದಿಂದಾಚೆ ನಮ್ಮ ಕಣ್ಣು ಹೋಗಲ್ಲ."

ಅಮ್ಮನ ಕಾಲು ಅವಳ ಕೈಯಲ್ಲಿ ಬಿಗಿಯಾಯಿತು. ಆಮೇಲೆ ಅಮ್ಮ ಮೆಲ್ಲಗೆ ಹೇಳಿದಳು:

"ಅಷ್ಟು ದೂರ ಈ ಕಾಲಲ್ಲಿ ಹೋಗೋಕಾಗತ್ತೇನೆ?"

"ನಿಧಾನಕ್ಕೆ ಹೋಗು" ಎಂದಳು ಮಗಳು. ಇಬ್ಬರೂ ನಗಲಿಲ್ಲ, ನಗು ತಡೆದುಕೊಂಡರು.

ಮರುದಿನ ಸಂಜೆ ಪರದೆಯಲ್ಲಿ ಅಮ್ಮ ಕುಂಟುತ್ತ ಕುಂಟುತ್ತ ಸೇತುವೆ ದಾಟಿದಳು. ಯಂತ್ರ ತೆಪ್ಪಗಿತ್ತು. ಕೊನೆಯ ಕಂಬದ ಹತ್ತಿರ ನಿಂತು, ಕೋಲನ್ನು ಅದಕ್ಕೆ ಒರಗಿಸಿ, ಚಪ್ಪಲಿ ಕಳಚಿ ಕೈಗೆತ್ತಿಕೊಂಡು, ಪರದೆಯ ಅಂಚು ದಾಟಿ ಹೋಗಿಬಿಟ್ಟಳು. ಪುಟ್ಟಕ್ಕ ಆ ಖಾಲಿ ದಂಡೆಯನ್ನೇ ನೋಡಿದಳು. ಇಡೀ ಊರು ಕಾಣುವ ಕೋಣೆಯಲ್ಲಿ ಕಾಣದ ಆ ಒಂದು ತುಂಡು ನೆಲವೇ ಅವಳಿಗೆ ಎಲ್ಲಕ್ಕಿಂತ ದೊಡ್ಡದಾಗಿ ತೋರಿತು.

ಅಷ್ಟರಲ್ಲಿ ಅಲಾರಂ. ವಾರಸುದಾರರಿಲ್ಲದ ವಸ್ತು, ಬಾಂಬ್ ಇರಬಹುದು ಎಂದು ಯಂತ್ರ ಕೋಲಿನ ಸುತ್ತ ಕೆಂಪು ಗೆರೆ ಎಳೆದಿತ್ತು. ಮೇಲಧಿಕಾರಿ ಎದ್ದು ಬಂದರು.

"ಅದು ನಮ್ಮಮ್ಮನ ಕೋಲು ಸರ್. ವಾಪಸ್ ಬಂದು ತಗೋತಾರೆ."

"ಕೋಲಿಲ್ದೆ ಎಲ್ಲಿಗೆ ಹೋದ್ರು?"

ಆ ಕೋಣೆಯಲ್ಲಿ ಯಾರೂ ಹೇಳಬಾರದ ಮಾತನ್ನು ಪುಟ್ಟಕ್ಕ ಹೆಮ್ಮೆಯಿಂದ ಹೇಳಿದಳು.

"ಗೊತ್ತಿಲ್ಲ ಸರ್."