ಇಯರ್‌ಬುಕ್ಕಿನ ಫೋಟೋ, ಕೌಸ್ತುಭನ ಜುಟ್ಟು

ಆಗಸ್ಟ್ ತಿಂಗಳ ಕೊನೆಯ ಮಂಗಳವಾರ, ಬೆಳಗ್ಗೆ ಹನ್ನೊಂದೂಕಾಲು. ನೈರೋಬಿಯ ಕರೆನ್ ಬಡಾವಣೆಯ ಫೋಟೋ ಸ್ಟುಡಿಯೋದಲ್ಲಿ ಚಂಪಾ ತನ್ನ ಮಗ ಕೌಸ್ತುಭನ ತಲೆಗೆ ಮೂರನೆಯ ಹೇರ್‌ಪಿನ್ ಸಿಕ್ಕಿಸುತ್ತಿದ್ದಳು.

"ಅಲ್ಲಾಡಬೇಡ್ವೋ."

"ಇಟ್ಸ್ ಹರ್ಟಿಂಗ್, ಅಮ್ಮ."

"ಒಂದು ನಿಮಿಷ ತಡಕೋ. ನಿನ್ನ ಜುಟ್ಟು ನಿನ್ನ ಥರಾನೇ, ಹೇಳಿದ ಮಾತು ಕೇಳಲ್ಲ."

"ನನ್ನ ಜುಟ್ಟಲ್ಲ. ಇಟ್ಸ್ ತಾತಾಸ್ ಜುಟ್ಟು."

ಹದಿನೇಳರ ಹುಡುಗ ಹೇಳಿದ್ದು ಸುಳ್ಳಲ್ಲ. ಜೂನ್‌ನಲ್ಲಿ ಶಾಲೆಗೆ ರಜೆ ಬಿಟ್ಟ ನಾಲ್ಕನೆಯ ದಿನವೇ ಅವರು ಮೈಸೂರಿಗೆ ಹೋಗಿ ಅವನ ಉಪನಯನ ಮುಗಿಸಿದ್ದರು. ಗಂಡ ಶ್ರೀನಿವಾಸ್‌ಗೆ ಔಷಧ ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಸಿಗುವ ರಜೆ, ಆಷಾಢ ಹಿಡಿಯುವ ಮೊದಲಿನ ಮುಹೂರ್ತ, ಎರಡೂ ಕೂಡಿ ಬರುವುದಕ್ಕೆ ಕಾದು ಕಾದು ಹುಡುಗನಿಗೆ ಮೀಸೆ ಬಂದಿತ್ತು. 'ತಲೆ ಬೋಳಿಸಲ್ಲ ಕಣೋ, ಶಾಸ್ತ್ರಕ್ಕೆ ನಾಲ್ಕು ಕೂದಲು ಕತ್ತರಿಸ್ತಾರೆ ಅಷ್ಟೆ' ಎಂದು ಚಂಪಾ ಮಾತು ಕೊಟ್ಟಿದ್ದಳು. ಮಾವ ಸೂರ್ಯನಾರಾಯಣ ಅವರು 'ಮಾಡೋದಾದರೆ ನೆಟ್ಟಗೆ ಮಾಡಿ, ಇಲ್ಲದಿದ್ದರೆ ಬಿಡಿ' ಎಂದು ಕುರ್ಚಿಯ ಮೇಲೆ ಕೂತುಬಿಟ್ಟರು. ಶ್ರೀನಿವಾಸ್ ಎಂದಿನಂತೆ 'ನೀವಿಬ್ಬರೂ ಮಾತಾಡ್ಕೊಳ್ಳಿ' ಎಂದು ಹೂವು ತರಲು ಹೋದ. ಹುಡುಗನ ತಲೆ ನುಣ್ಣಗಾಯಿತು. ಹಿಂದೆ ಉಳಿದ ಜುಟ್ಟನ್ನು ಒಂದು ವರ್ಷ ಮುಟ್ಟಬಾರದು ಎಂದಾಯಿತು. ಪ್ರತಿ ಭಾನುವಾರ ವಿಡಿಯೋ ಕರೆಯಲ್ಲಿ ಮಾವ 'ಎಲ್ಲಿ, ಸ್ವಲ್ಪ ತಿರುಗು ಮರಿ' ಎಂದು ಅದನ್ನು ನೋಡಿ ತೃಪ್ತಿಪಡುತ್ತಿದ್ದರು.

ಹತ್ತು ವಾರಗಳಲ್ಲಿ ಉಳಿದ ತಲೆಯ ಮೇಲೆ ಇಂಚಿನಷ್ಟು ಕೂದಲು ಬಂದಿತ್ತು. ನೈರೋಬಿಯಲ್ಲಿ ಅಷ್ಟು ಗಿಡ್ಡ ಕೂದಲನ್ನು ಯಾರೂ ತಿರುಗಿ ನೋಡುವುದಿಲ್ಲ. ಅವನ ತರಗತಿಯ ಅರ್ಧ ಹುಡುಗರದು ಅದಕ್ಕಿಂತ ಗಿಡ್ಡ. ತೊಂದರೆಯೆಲ್ಲ ಆ ನಾಲ್ಕು ಇಂಚಿನ ಜುಟ್ಟಿನದು. ತರಗತಿಯಲ್ಲಿ ಅದಕ್ಕೆ ಆಂಟೆನಾ ಎಂದು ಹೆಸರಿಟ್ಟಿದ್ದರು.

ಇನ್ನು ಈ ಫೋಟೋ. ಹನ್ನೆರಡನೆಯ ತರಗತಿಯ ಪ್ರತಿಯೊಬ್ಬರಿಗೂ ಇಯರ್‌ಬುಕ್ಕಿನಲ್ಲಿ ಕಾಲು ಪುಟ. ಕಪ್ಪು ಕೋಟು, ಬೂದು ಪರದೆ, ಭುಜ ಒಂದು ಪಕ್ಕಕ್ಕೆ, ಮುಖ ಅರೆ ತಿರುಗಿರಬೇಕು. ಟೋಪಿ ಕೂಡದು. ಎಲ್ಲರ ಭಂಗಿಯೂ ಒಂದೇ. ಒಂದನೆಯ ತರಗತಿಯಿಂದ ಅದೇ ಶಾಲೆಯಲ್ಲಿ ಓದಿದ ಕೌಸ್ತುಭ್‌ಗೆ ಆ ಪುಸ್ತಕದಲ್ಲಿ ಚೆನ್ನಾಗಿ ಕಾಣಬೇಕು ಎನ್ನುವುದಕ್ಕಿಂತ ದೊಡ್ಡ ಆಸೆ ಈ ವರ್ಷ ಇರಲಿಲ್ಲ. ಕೋಟನ್ನು ತಾನೇ ಇಸ್ತ್ರಿ ಮಾಡಿಕೊಂಡಿದ್ದ. ಇವತ್ತೇ ಕೊನೆಯ ದಿನ. ಮತ್ತೊಮ್ಮೆ ತೆಗೆಯುವುದಿಲ್ಲ ಎಂದು ಶಾಲೆ ಎರಡು ಸಲ ಬರೆದು ತಿಳಿಸಿತ್ತು.

ಫೋಟೋಗ್ರಾಫರ್ ಒಟಿಯೆನೊ ನಾಲ್ಕು ಸಲ ಕ್ಲಿಕ್ಕಿಸಿ, ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದ. ಮೊದಲನೆಯದರಲ್ಲಿ ಪಿನ್ನುಗಳು ದೀಪಕ್ಕೆ ಮಿಂಚಿದ್ದವು. ಎರಡನೆಯದರಲ್ಲಿ ಒಂದು ಪಿನ್ ಕಳಚಿತ್ತು. ಉಳಿದೆರಡರಲ್ಲಿ ಜುಟ್ಟು ಕಿವಿಯ ಹಿಂದಿನಿಂದ ಎದ್ದು ಬೂದು ಪರದೆಯ ಮೇಲೆ ಗೆರೆ ಎಳೆದಂತೆ ನಿಂತಿತ್ತು.

"ಇದನ್ನ ಕಂಪ್ಯೂಟರ್‌ನಲ್ಲಿ ಅಳಿಸೋಕೆ ಆಗಲ್ವಾ?" ಚಂಪಾ ಇಂಗ್ಲಿಷಿನಲ್ಲಿ ಕೇಳಿದಳು.

ಮೊಡವೆ ಬಿಟ್ಟು ಬೇರೇನನ್ನೂ ಅಳಿಸಬಾರದೆಂದು ಶಾಲೆಯ ಕರಾರಿದೆ ಎಂದ ಒಟಿಯೆನೊ. "ನೇರ ಮುಖ ತೆಗೆದರೆ?" ಎಂದರೆ, ಅದು ಪುಸ್ತಕಕ್ಕೆ ಹೋಗುವುದಿಲ್ಲ ಎಂದ. ಧರ್ಮದ ಕಾರಣಕ್ಕೆ ಇಟ್ಟುಕೊಂಡಿದ್ದರೆ ಹಾಗೇ ಇರಲಿ, ತಪ್ಪೇನು ಎಂದೂ ಕೇಳಿದ. ಕೌಸ್ತುಭ್ ಜೋರಾಗಿ ತಲೆ ಅಲ್ಲಾಡಿಸಿದ. ಕೊನೆಯ ಪಿನ್ನೂ ಬಿತ್ತು.

"ಹಾಗಾದರೆ ಎರಡು ಅಂಗಡಿ ಆಚೆ ಕಿನ್ಯೋಜಿ ಇದಾನೆ, ಕೂದಲು ಕತ್ತರಿಸೋನು. ಎರಡು ನಿಮಿಷದ ಕೆಲಸ," ಎಂದ ಒಟಿಯೆನೊ. "ನಾನು ಹನ್ನೆರಡೂಕಾಲಿಗೆ ಬಾಗಿಲು ಹಾಕ್ತೀನಿ. ಅಷ್ಟರೊಳಗೆ ಬಂದರೆ ಸವಾ, ಸರಿಹೋಯ್ತು."

ಇಬ್ಬರೂ ಬಂದು ಕಾರಿನಲ್ಲಿ ಕೂತರು. ಚಂಪಾ ಗಂಡನಿಗೆ ಫೋನ್ ಮಾಡಿದಳು. ಕರೆ ಕಾರಿನ ಸ್ಪೀಕರಿಗೆ ಹೋಯಿತು. ಹಿಂದೆ ಯಂತ್ರಗಳ ಸದ್ದು.

"ಕತ್ತರಿಸಿಬಿಡ್ಲಾ?"

"ನನಗೇನೋ ಅಭ್ಯಂತರ ಇಲ್ಲ. ಅಪ್ಪನ್ನ ಒಂದು ಮಾತು ಕೇಳಿಬಿಡು."

"ನೀವೇ ಕೇಳಿ."

"ಮೀಟಿಂಗ್‌ನಲ್ಲಿದ್ದೀನಿ ಕಣೇ," ಎಂದು ಫೋನ್ ಇಟ್ಟ.

"ಮೀಟಿಂಗ್‌ನಲ್ಲಿ ಯಂತ್ರ ಓಡುತ್ತಂತೆ," ಎಂದಳು ಚಂಪಾ.

"ಅಮ್ಮ, ಪ್ಲೀಸ್. ಡೋಂಟ್ ಕಾಲ್ ತಾತ."

ಆದರೆ ಹಿರಿಯರಿಗೆ ಹೇಳದೆ ಮಾಡಿದ ಕೆಲಸ ಅವಳ ಬೆನ್ನ ಮೇಲೆ ಯಾವಾಗಲೂ ಭಾರವಾಗಿ ಕೂರುತ್ತಿತ್ತು. ಮೈಸೂರಿನಲ್ಲಿ ಮಧ್ಯಾಹ್ನ ಎರಡು ದಾಟಿತ್ತು. ಮಾವ ಊಟ ಮುಗಿಸಿ ಅಡ್ಡಾಗುವ ಹೊತ್ತು. ಮೂರನೆಯ ರಿಂಗಿಗೆ ಎತ್ತಿಕೊಂಡರು. ಚಂಪಾ ಶಾಲೆ, ಕಾಲು ಪುಟ, ಪಿನ್ನು, ಹನ್ನೆರಡೂಕಾಲು ಎಲ್ಲವನ್ನೂ ಬಿಡದೆ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡರು.

"ಬೇಡಮ್ಮ," ಎಂದರು.

"ಮಾವ, ಮಗು ತುಂಬ ಬೇಜಾರು ಮಾಡ್ಕೊಂಡಿದೆ."

"ಗೊತ್ತಾಗುತ್ತಮ್ಮ. ಆದರೆ ನೀನು ಯಾಕೆ ಕೇಳೋಕೆ ಬಂದೆ? ಕೇಳದೆ ಮಾಡಿದ್ದರೆ ಭಾನುವಾರ ನೋಡಿ, ಆಗಿದ್ದು ಆಯ್ತು ಅಂತ ಸುಮ್ಮನಾಗ್ತಿದ್ದೆ. ಬಾಯಿಬಿಟ್ಟು ಕೇಳಿದ ಮೇಲೆ ನಾನು ಹೂಂ ಅನ್ನೋಕಾಗುತ್ತಾ? ಅದರ ಮೇಲೆ ಇವತ್ತು ಮಂಗಳವಾರ ಬೇರೆ. ಮಂಗಳವಾರ ಯಾರಾದರೂ ಕ್ಷೌರ ಮಾಡಿಸ್ತಾರಾ?"

ಫೋನ್ ಇಟ್ಟ ಮೇಲೆ ಚಂಪಾಗೆ ಮೊದಲು ಸಿಟ್ಟು ಬಂದದ್ದು ಮಾವನ ಮೇಲಲ್ಲ. ಎರಡು ನಿಮಿಷದ ಕೆಲಸಕ್ಕೆ ಅಪ್ಪಣೆ ಕೇಳಲು ಹೋಗಿ, ಸಿಗಬಹುದಾಗಿದ್ದ ಅಪ್ಪಣೆಯನ್ನು ತಾನೇ ಕಳೆದುಕೊಂಡಿದ್ದಳು. ಈಗ ಕತ್ತರಿಸಿದರೆ ಅದು ಮಾತು ಮೀರಿದ ಹಾಗೆ. ಕತ್ತರಿಸದಿದ್ದರೆ ಆಂಟೆನಾ ಎಂಬ ಹೆಸರು ಬಣ್ಣದಲ್ಲಿ ಅಚ್ಚಾಗಿ ನೂರಾರು ಮನೆಗಳ ಕಪಾಟಿನಲ್ಲಿ ಕೂರುತ್ತದೆ. ಗಡಿಯಾರ ಹನ್ನೊಂದು ಐವತ್ತೆರಡು ತೋರಿಸುತ್ತಿತ್ತು.

ಕೌಸ್ತುಭ್ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕೂಗಾಡುತ್ತಾನೆ ಎಂದುಕೊಂಡಿದ್ದಳು. ಅವನು ಕೋಟು ಬಿಚ್ಚಿ, ಇಸ್ತ್ರಿ ಕೆಡದಂತೆ ಹಿಂದಿನ ಸೀಟಿನ ಮೇಲೆ ಹಾಸಿದ.

"ಯು ಆಸ್ಕ್‌ಡ್ ಹಿಮ್," ಎಂದ. "ನೀನು ಕೇಳಿದೆ. ನಾನು ಕೇಳಿಲ್ಲ."

ಬಾಗಿಲಿನ ಹಿಡಿ ಎಳೆದ. ತೆರೆಯಲಿಲ್ಲ. ಕಾರಿನಲ್ಲಿ ಕೂತ ಕೂಡಲೇ ನಾಲ್ಕೂ ಬಾಗಿಲು ಲಾಕ್ ಮಾಡುವುದು ಈ ಊರಿಗೆ ಬಂದಾಗಿನಿಂದ ಚಂಪಾಗೆ ಅಭ್ಯಾಸ. ಗುಂಡಿ ಅವಳ ಕಡೆಯ ಬಾಗಿಲಲ್ಲಿತ್ತು. ಅವನು ಇನ್ನೊಮ್ಮೆ ಎಳೆಯಲಿಲ್ಲ, ಬೇಡಲೂ ಇಲ್ಲ. ಹಿಡಿಯ ಮೇಲೆ ಕೈಯಿಟ್ಟು ಎದುರಿನ ಗಾಜಿನತ್ತ ನೋಡುತ್ತ ಕೂತ.

"ನಾನು ಬೇಡ ಅಂದ್ರೆ?" ಎಂದಳು.

"ಡೋಂಟ್ ಸೇ ಎನಿಥಿಂಗ್, ಅಮ್ಮ. ಪ್ಲೀಸ್. ಏನೂ ಹೇಳಬೇಡ."

ಚಂಪಾ ಗುಂಡಿ ಒತ್ತಿದಳು.

ಕಿನ್ಯೋಜಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಕೌಸ್ತುಭ್ ಓಡುತ್ತ ಬಂದು ಕೋಟು ಎತ್ತಿಕೊಂಡು ಸ್ಟುಡಿಯೋಗೆ ನುಗ್ಗಿದ. ಹನ್ನೆರಡು ದಾಟಿ ಆರು ನಿಮಿಷಕ್ಕೆ ಒಟಿಯೆನೊ ಐದನೆಯ ಸಲ ಕ್ಲಿಕ್ಕಿಸಿ ಲ್ಯಾಪ್‌ಟಾಪ್ ತಿರುಗಿಸಿದ. ಕೋಟಿನ ಕಾಲರು, ಅರೆ ತಿರುಗಿದ ಮುಖ, ಬೂದು ಪರದೆ. ಫೋಟೋ ಎಷ್ಟು ಚೆನ್ನಾಗಿತ್ತೆಂದರೆ ಚಂಪಾಗೆ ಹತ್ತು ವಾರಗಳ ಸಿಟ್ಟು ಒಂದೇ ಸಲ ಏರಿತು. ಇಷ್ಟು ಸುಲಭವಿದ್ದದ್ದಕ್ಕೆ ಅವನು ಜೂನ್‌ನಿಂದ ಊಟದ ಮೇಜಿನಲ್ಲೂ ಟೋಪಿ ಹಾಕಿಕೊಂಡು ಕೂರುತ್ತಿದ್ದ.

ವಾಪಸು ಲಂಗಾಟಾದ ಮನೆಗೆ ಹೋಗುವ ದಾರಿಯಲ್ಲಿ ಅವನು ಒಟಿಯೆನೊ ಫೋನಿಗೆ ಕಳಿಸಿದ್ದ ಆ ಫೋಟೋವನ್ನೇ ಹಿಗ್ಗಿಸಿ ಕುಗ್ಗಿಸಿ ನೋಡುತ್ತಿದ್ದ.

"ತಾತಂಗೆ ಕಳಿಸ್ತೀಯಾ?" ಎಂದ.

"ನೀನೇ ಕಳಿಸು," ಎಂದಳು ಚಂಪಾ, ಮುಂದಿದ್ದ ಮಟಾಟು ವ್ಯಾನಿಗೆ ಹಾರ್ನ್ ಹೊಡೆಯುತ್ತ. "ನಾನು ಇನ್ನು ಯಾರನ್ನೂ ಕೇಳೋದೂ ಇಲ್ಲ, ಯಾರಿಗೂ ಹೇಳೋದೂ ಇಲ್ಲ."