ದ್ರೌಪದಿಯ ಟೊಂಕನೋವು

ಸೊಸೆಗೆ ಏಳು ತಿಂಗಳು ತುಂಬಿರುವಾಗ ಅತ್ತೆಯೂ ಬಸಿರಾದರೆ ಐಗಳಿ ಊರಲ್ಲಿ ಏನಾಗುತ್ತದೆ? ಏನೂ ಆಗುವುದಿಲ್ಲ. ದ್ರಾಕ್ಷಿಗೆ ನೀರು ಬಿಡುವವರು ಬಿಡುತ್ತಾರೆ, ಎಮ್ಮೆ ಹಿಂಡುವವರು ಹಿಂಡುತ್ತಾರೆ. ಬಾಯಿ ಇದ್ದವರು ಮಾತ್ರ ಒಂದು ವರ್ಷ ಕೂತು ನಗುತ್ತಾರೆ. ಆ ನಗುವಿಗೆ ಹೆದರಿ ನಲವತ್ತೆರಡರ ದ್ರೌಪದಿ ಅಥಣಿಯ ಡಾಕ್ಟರಮ್ಮನ ಹತ್ತಿರ ಹೋದಳು. ಅವಳಿಗೂ ಅದು ಬೇಡವಾಗಿತ್ತು. ಆದರೆ ಅವಳಿಗೆ ಬೇಕೋ ಬೇಡವೋ ಎಂದು ಕೇಳಿದವರು ಆ ಡಾಕ್ಟರಮ್ಮ ಒಬ್ಬಳೇ.

ಮುಟ್ಟು ತಪ್ಪಿದಾಗ, ನಿಲ್ಲುವ ವಯಸ್ಸು ಬಂತು, ಪೀಡೆ ತೊಲಗಿತು ಎಂದುಕೊಂಡಿದ್ದಳು. ಬೆಳ್ಳುಳ್ಳಿ ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸಿದಾಗ ತಿಳಿಯಿತು. ಗಂಡ ಬಾಬಾಸಾಹೇಬನಿಗೆ ಹೇಳಿದಳು. ಅವನು ಮೊದಲು ಕೇಳಿದ್ದು, ಯಾರಿಗಾದರೂ ಹೇಳಿದಿಯಾ ಅಂತ. ಹೇಗಿದ್ದೀ ಅಂತ ಕೇಳುವುದು ಅವನಿಗೆ ಹೊಳೆಯಲೇ ಇಲ್ಲ. ಮರುದಿನ ಸೊಸೆ ಪ್ರಾಜಕ್ತಾಳ ಸೀಮಂತದ ಕುಬಸಕ್ಕೆ ಸೀರೆ ತರುತ್ತೇವೆಂದು ಮನೆಯಲ್ಲಿ ಹೇಳಿ, ಹೆಂಡತಿಯನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಹೋದ. ಸುಳ್ಳಿಗೆ ಸಾಕ್ಷಿ ಬೇಕಲ್ಲ, ಬರುವಾಗ ಸೀರೆಯನ್ನೂ ಕೊಂಡರು. ಮೊದಲ ಗುಳಿಗೆ ನುಂಗಿದ ದ್ರೌಪದಿ ಅಂಗಡಿಯ ಗಾದಿಯ ಮೇಲೆ ಕೂತು, ಏಳು ತಿಂಗಳ ಹೊಟ್ಟೆಗೆ ಯಾವ ಹಸಿರು ಒಪ್ಪುತ್ತದೆ ಎಂದು ಆರಿಸಿದಳು.

ಡಾಕ್ಟರಮ್ಮ ಎಲ್ಲ ಬಿಡಿಸಿ ಹೇಳಿದ್ದಳು. ಎರಡು ದಿನ ಬಿಟ್ಟು ಉಳಿದ ಗುಳಿಗೆ. ಆಮೇಲೆ ಹೊಟ್ಟೆ ಹಿಂಡುತ್ತದೆ, ರಕ್ತ ಹೋಗುತ್ತದೆ. ಹತ್ತು ದಿನ ಭಾರ ಎತ್ತಬಾರದು. ರಕ್ತ ಜಾಸ್ತಿಯಾದರೆ ತಡಮಾಡದೆ ಬರಬೇಕು. ಅಳು ಬರಬಹುದು, ನಿರಾಳ ಅನ್ನಿಸಬಹುದು, ಎರಡೂ ಒಟ್ಟಿಗೇ ಆಗಬಹುದು, ಯಾವುದೂ ತಪ್ಪಲ್ಲ. ಮನೆಯಲ್ಲಿ ನೋಡಿಕೊಳ್ಳುವವರು ಇದ್ದಾರಲ್ಲ ಎಂದೂ ಕೇಳಿದ್ದಳು. ಐದು ಮಂದಿಯ ಮನೆ ಎಂದಳು ದ್ರೌಪದಿ. ಉಳಿದ ನಾಲ್ವರನ್ನು ತಾನೇ ನೋಡಿಕೊಳ್ಳುವುದು ಎಂಬುದನ್ನು ಹೇಳಲಿಲ್ಲ.

ಗುಳಿಗೆಗಳು ತಮ್ಮ ಕೆಲಸ ಮಾಡಿದವು. ಒಂದು ಮಧ್ಯಾಹ್ನವೆಲ್ಲ ಅವಳು ಬಚ್ಚಲಲ್ಲಿ ಹಲ್ಲು ಕಚ್ಚಿ ಕೂತಳು. ಎದ್ದು ಬಂದು, ಟೊಂಕ ಹಿಡಿದಿದೆ ಎಂದು ಕೌದಿ ಹಾಸಿ ಮಲಗಿದಳು. ಅವಳು ಮಾಡಿದ ದೊಡ್ಡ ತಪ್ಪು ಇದೇ. ನಮ್ಮ ಕಡೆ ಹಡೆದವಳಿಗೆ ಮಂಚವುಂಟು, ಮಂಚದ ಕೆಳಗೆ ಕೆಂಡವುಂಟು, ಕಿವಿಗೆ ಅರಳೆ, ಬಾಯಿಗೆ ಅಂಟಿನುಂಡಿ. ಜ್ವರ ಬಂದವಳಿಗೆ ಒಂದು ಲೋಟ ಕಷಾಯವಾದರೂ ಸಿಗುತ್ತದೆ. ಟೊಂಕ ಹಿಡಿದವಳಿಗೆ ಸಿಗುವುದು ಬೈಗುಳ. ಅತ್ತೆ ರುಕ್ಮವ್ವ, ತಾನು ಹಡೆದ ಹದಿನೈದನೇ ದಿನಕ್ಕೆ ಬೀಸುವ ಕಲ್ಲಿನ ಮುಂದೆ ಕೂತಿದ್ದನ್ನು ಆ ದಿನ ಮೂರು ಸಲ ಹೇಳಿದಳು. ಮುಂದಿನ ವಾರದ ಶುಕ್ರವಾರ ಕುಬಸ, ಇನ್ನೂರು ಮಂದಿಗೆ ಹೋಳಿಗೆ, ಹಿಟ್ಟಿನ ಚೀಲ ಹಾಗೇ ಬಿದ್ದಿದೆ. ದ್ರೌಪದಿ ಎದ್ದಳು. ಚೀಲ ಎಳೆದಳು. ನಿಲ್ಲುತ್ತ ಬಂದಿದ್ದ ರಕ್ತ ಮತ್ತೆ ಹರಿಯಿತು.

ಮನಸ್ಸಿನ ಕಥೆ ಇನ್ನೊಂದು. ಮೊದಲ ದಿನ ತಲೆಯ ಮೇಲಿನ ಹೊರೆ ಇಳಿದಂತೆ ಹಗುರಾಗಿದ್ದಳು. ಮೂರನೇ ದಿನ ಕೊಟ್ಟಿಗೆಯಲ್ಲಿ ಸೆಗಣಿ ಬಾಚುವಾಗ, ಯಾವ ವಿಚಾರವೂ ತಲೆಯಲ್ಲಿ ಇಲ್ಲದಾಗ, ಕಣ್ಣೀರು ದಳದಳ ಇಳಿಯಿತು. ಸೆರಗಿನಿಂದ ಒರೆಸಿಕೊಂಡ ಮೇಲೆ ಹಸಿವಾಯಿತು, ಎರಡು ರೊಟ್ಟಿ ತಿಂದಳು. ತಿನ್ನುತ್ತಿರುವುದಕ್ಕೂ ನಾಚಿಕೆಯಾಯಿತು. ಅದೇ ಸಂಜೆ ಪ್ರಾಜಕ್ತಾ, ಕೂಸು ಒದೆಯುತ್ತಿದೆ ನೋಡಿರಿ ಎಂದು ಅತ್ತೆಯ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡಳು. ದ್ರೌಪದಿ ಕಾದ ಹಂಚು ಮುಟ್ಟಿದವಳಂತೆ ಕೈ ಎಳೆದುಕೊಂಡಳು. ಹುಡುಗಿ ಮೋರೆ ಸಣ್ಣದು ಮಾಡಿ ಒಳಗೆ ಹೋದಳು. ಅತ್ತೆಗೆ ನನ್ನ ಬಸಿರು ಸೇರಿಬರುತ್ತಿಲ್ಲ ಎಂದು ಅವಳು ತಿಳಿದಿದ್ದರೆ ಅವಳ ತಪ್ಪೇನೂ ಇಲ್ಲ.

ಐದನೇ ದಿನಕ್ಕೂ ಟೊಂಕ ಬಿಡಲಿಲ್ಲ. ರುಕ್ಮವ್ವ ಮಾಳೇಶನಿಗೆ ಹೇಳಿಕಳಿಸಿದಳು.

ಮಾಳೇಶ ಕುರಿ ಕಾಯುವವನು. ಆದರೆ ಊರಲ್ಲಿ ಅವನಿಗೆ ಮರ್ಯಾದೆ ಇರುವುದು ಕಾಲಿನಿಂದ. ತಾಯಿಯ ಹೊಟ್ಟೆಯಿಂದ ಕಾಲು ಮೊದಲಾಗಿ ಹೊರಬಂದವರನ್ನು ಪಾಯಾಳು ಎನ್ನುತ್ತಾರೆ. ಹಿಡಿದ ಟೊಂಕಕ್ಕೆ ಪಾಯಾಳು ಮೂರು ಸಲ ಕಾಲಿನಿಂದ ಒದ್ದರೆ ನೋವು ಬಿಡುತ್ತದೆ ಎಂಬುದು ನಂಬಿಕೆ. ಒದೆಯುವುದೆಂದರೆ ಬೇರೆಯವರು ಹಿಮ್ಮಡಿ ಮುಟ್ಟಿಸಿ ಬಿಡುತ್ತಾರೆ. ಮಾಳೇಶ ಕೆಲಸಗಳ್ಳನಲ್ಲ.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಚಾಪೆ ಹಾಸಿದರು. ಕುಬಸದ ಹಪ್ಪಳ ಲಟ್ಟಿಸಲು ಬಂದಿದ್ದ ಐದಾರು ಹೆಂಗಸರು ಲಟ್ಟಣಿಗೆ ಕೆಳಗಿಟ್ಟು ನೋಡಲು ನಿಂತರು. ದ್ರೌಪದಿ ಗಂಡನನ್ನು ಕೊಟ್ಟಿಗೆಯ ಮೂಲೆಗೆ ಕರೆದು, ಇದನ್ನು ನೀವೇ ನಿಲ್ಲಿಸಬೇಕು, ಇನ್ನೂ ರಕ್ತ ಹೋಗುತ್ತಿದೆ ಎಂದಳು. ಬಾಬಾಸಾಹೇಬ ಅತ್ತಿತ್ತ ನೋಡಿದ.

"ಮೂರ ಸರ್ತಿ ಅಷ್ಟ ಐತಿ. ಒದಿಸ್ಕೊಂಡ ಬಿಡ. ಈಗ ಬ್ಯಾಡ ಅಂದ್ರ ಯಾಕ ಅಂತ ಕೇಳ್ತಾರ."

ಅವಳು ಹೋಗಿ ಚಾಪೆಯ ಮೇಲೆ ಬೋರಲು ಮಲಗಿದಳು. ಮಾಳೇಶ ಕಾಲು ತೊಳೆದುಕೊಂಡು ಬಂದು ಡಾಕ್ಟರನ ಗತ್ತಿನಲ್ಲಿ ವಿಚಾರಿಸಿದ.

"ವೈನಿ, ಏನ ಎತ್ತಾಕ ಹೋಗಿದ್ರಿ? ಎತ್ತಿದ ಒಜ್ಜಿ ಗೊತ್ತಾಗಬೇಕ್ರಿ. ಅದರ ಮ್ಯಾಲ ಒದಿಯೂದು."

"ಗೊಬ್ಬರದ ಚೀಲ," ಎಂದ ಬಾಬಾಸಾಹೇಬ.

"ಐವತ್ತ ಕಿಲೋದ್ದು?"

"ಹೂಂ."

ಹಾಗಾದರೆ ಸ್ವಲ್ಪ ಬಿಗಿಯಾಗಿಯೇ ಹಾಕಬೇಕಾಗುತ್ತದೆ ಎಂದ ಮಾಳೇಶ. ಒಬ್ಬಾಕೆ ಕಿಸಕ್ಕನೆ ನಕ್ಕಳು. ಮೊದಲನೆಯ ಒದೆ ಬಿತ್ತು. ದ್ರೌಪದಿಯ ಹೊಟ್ಟೆಯೊಳಗೆ ಏನೋ ಕಿತ್ತಂತಾಗಿ, ತೊಡೆಯ ನಡುವೆ ಬಿಸಿಯಾಗಿ ಇಳಿಯಿತು. ಎರಡನೆಯದಕ್ಕೆ ಮಾಳೇಶ ಕಾಲೆತ್ತುವಷ್ಟರಲ್ಲಿ ಅವಳು ಹೊರಳಿ, ಅವನ ಹಿಮ್ಮಡಿಯನ್ನು ಕೈಯಿಂದ ಗಟ್ಟಿಯಾಗಿ ಹಿಡಿದಳು.

"ಕಾಲ ತಗೀ ಮಾಳೇಶ. ಟೊಂಕಕ್ಕ ಏನೂ ಆಗಿಲ್ಲ. ಬಸರ ತಗಿಸೇನಿ. ಐದ ದಿನ ಆತು."

ಒಂಟಿಗಾಲಲ್ಲಿ ನಿಂತಿದ್ದ ಮಾಳೇಶ ಕಾಲು ಬಿಡಿಸಿಕೊಂಡು, ತನ್ನ ಕಾಲಿನ ಗುಣ ಇದರಿಂದ ಹೋಗುವುದಿಲ್ಲವಷ್ಟೇ ಎಂದು ರುಕ್ಮವ್ವನನ್ನು ಮೆಲ್ಲಗೆ ಕೇಳಿದ. ರುಕ್ಮವ್ವ ಅವನನ್ನು ಬಿಟ್ಟು ಮಗನ ಕಡೆ ತಿರುಗಿದಳು. ಬಾಬಾಸಾಹೇಬ ಟೊಪ್ಪಿಗೆ ತೆಗೆದು ಝಾಡಿಸಿ ಮತ್ತೆ ಇಟ್ಟುಕೊಂಡ.

"ನನಗೇನೂ ಗೊತ್ತಿಲ್ಲವ್ವಾ."

ಆ ಒದೆಗಿಂತ ಈ ಮಾತು ಜೋರಾಗಿ ತಾಗಿತು. ದ್ರೌಪದಿ ಚಾಪೆಯ ಮೇಲೆ ಎದ್ದು ಕೂತಳು. ಸೀರೆ ಒದ್ದೆಯಾಗಿದ್ದನ್ನು ಎಲ್ಲರೂ ನೋಡಲಿ ಎಂಬಂತೆ ಮುಚ್ಚಿಕೊಳ್ಳಲೂ ಇಲ್ಲ.

"ಹೌದ್ರಿ, ನಿಮಗೇನ ಗೊತ್ತು. ಬಸರ ಮಾಡಿದ್ದೂ ಗೊತ್ತಿಲ್ಲ, ದವಾಖಾನಿ ಹೊರಗ ಎರಡ ತಾಸ ನಿಂತದ್ದೂ ಗೊತ್ತಿಲ್ಲ. ನಾ ಒಬ್ಬಾಕಿನ ಮಾಡ್ಕೊಂಡ ಒಬ್ಬಾಕಿನ ತಗಿಸ್ಕೊಂಡೇನಿ."

ಹೆಂಗಸರಲ್ಲಿ ಯಾರೋ ಮತ್ತೆ ನಕ್ಕರು. ಈ ಸಲ ನಗು ಹೋಗಿ ಬಿದ್ದದ್ದು ಬಾಬಾಸಾಹೇಬನ ಮೇಲೆ. ತೋಟದಲ್ಲಿ ಮೋಟರು ನೋಡಬೇಕೆಂದು ಅವನು ಹೊರಟೇಹೋದ.

ಒಳಗಿನಿಂದ ಬಂದವಳು ಪ್ರಾಜಕ್ತಾ. ಹೊಟ್ಟೆ ಹೊತ್ತುಕೊಂಡು ಬಗ್ಗಲಾಗದೆ ಬಗ್ಗಿ ಅತ್ತೆಯ ತೋಳು ಹಿಡಿದಳು. ನನ್ನ ಸಲುವಾಗಿ ತೆಗೆಸಿದಿರಾ ಎಂದು ಕೇಳಿದಳು.

"ನಿನ್ನ ಸಲುವಾಗಿ ಅಲ್ಲವ್ವಾ, ಈ ಮಂದಿ ಸಲುವಾಗಿ," ಎಂದಳು ದ್ರೌಪದಿ. "ನನಗೂ ಬ್ಯಾಡಾಗಿತ್ತು. ಆದ್ರೂ ಅಳು ಬರತೈತಿ. ನಿನ್ನ ಹೊಟ್ಟಿ ಮುಟ್ಟಾಕ ಆಗಲಿಲ್ಲ ನನಗ. ಸಿಟ್ಟಲ್ಲ ಅದು."

ಮಗ ಅಮೋಲ ತಾಯಿಯ ಮುಖ ನೋಡದೆ, ರಸ್ತೆಯನ್ನಷ್ಟೇ ನೋಡುತ್ತ, ಜೀಪಿನಲ್ಲಿ ಅಥಣಿಗೆ ಕರೆದೊಯ್ದ. ಒಳಗೆ ಸ್ವಲ್ಪ ಉಳಿದಿದೆ ಎಂದು ಡಾಕ್ಟರಮ್ಮ ಸ್ವಚ್ಛ ಮಾಡಿದಳು. ಮೈಯಲ್ಲಿ ರಕ್ತ ಕಡಿಮೆಯಾಗಿದೆ ಎಂದು ಸಲೈನು ಹಚ್ಚಿದಳು. ಮಲಗಿರಬೇಕೆಂದು ಈ ಸಲ ಮಗನಿಗೇ ಬರೆದುಕೊಟ್ಟಳು. ಅಂತೂ ಮೊದಲ ಗುಳಿಗೆ ನುಂಗಿದ ಎಂಟನೇ ದಿನಕ್ಕೆ ದ್ರೌಪದಿಗೆ ಮಂಚ ಸಿಕ್ಕಿತು. ಅದೂ ಪ್ರಾಜಕ್ತಾಳ ಮಂಚ. ರುಕ್ಮವ್ವ ಬಾಣಂತಿಯರಿಗೆ ಕೊಡುವ ಅಳವಿ ಪಾಯಸ ಮಾಡಿ ಲೋಟವನ್ನು ಹೊಸ್ತಿಲ ಹತ್ತಿರ ಕುಕ್ಕಿ ಹೋದಳು.

ಕುಬಸಕ್ಕೆ ಯಾರೂ ಬರಲಾರರು ಎಂದು ಮನೆಯವರು ಹೆದರಿದ್ದರು. ಇನ್ನೂರು ಮಂದಿಗೆ ಹೇಳಿದ್ದಕ್ಕೆ ಇನ್ನೂರೆಪ್ಪತ್ತು ಮಂದಿ ಬಂದರು. ಹಸಿರು ಸೀರೆ ಉಟ್ಟು ಕೂತವಳ ಮಡಿಲಿಗೆ ಗಡಿಬಿಡಿಯಲ್ಲಿ ಅಕ್ಕಿ ಹಾಕಿ, ಹೆಂಗಸರು ಒಬ್ಬೊಬ್ಬರಾಗಿ ಒಳಕೋಣೆಗೆ ನುಗ್ಗಿದರು. ಬೈಯಲು ಬಂದರೆಂದು ದ್ರೌಪದಿ ಗೋಡೆಗೆ ಮುಖ ಮಾಡಿದಳು. ಮೊದಲು ಬಂದಾಕೆ ಬಾಗಿಲು ಮುಂದಕ್ಕೆಳೆದು, ಮಂಚದ ತುದಿಗೆ ಕೂತು, ತಾನು ತೆಗೆಸಿದ್ದು ಹನ್ನೊಂದು ವರ್ಷದ ಹಿಂದೆ ಎಂದಳು. ಎರಡನೆಯಾಕೆಗೆ ಮೂರು ಆಗಿದ್ದವು. ಮೂರನೆಯಾಕೆ, ಅವತ್ತಿನಿಂದ ಇಂದಿನವರೆಗೆ ಎಡಮಗ್ಗುಲಿಗೆ ಮಲಗಿಲ್ಲ ಎಂದು ಹೇಳಿ ಎದ್ದುಹೋದಳು. ಇನ್ನೊಬ್ಬಾಕೆ, ನನಗಂತೂ ಏನೂ ಅನ್ನಿಸಲಿಲ್ಲ, ಏನೂ ಅನ್ನಿಸದಿದ್ದದ್ದಕ್ಕೇ ಅಂಜಿಕೆಯಾಗಿತ್ತು ಎಂದಳು.

ಮನೆಯಲ್ಲಿ ಯಾರಿಗೂ ಗೊತ್ತಿಲ್ಲದಾಗ ದ್ರೌಪದಿಗೆ ವಿಶ್ರಾಂತಿ ಇರಲಿಲ್ಲ. ಈಗ ಎಲ್ಲರಿಗೂ ಗೊತ್ತಾಗಿ ವಿಶ್ರಾಂತಿ ಇಲ್ಲ. ನಾಲ್ಕು ಗಂಟೆಯ ಸುಮಾರಿಗೆ ಮಗ್ಗುಲ ಮನೆಯ ಶುಭಾಂಗಿ ಬಂದು ಬಾಗಿಲು ಹಾಕಿಕೊಂಡಳು. ಅವಳು ತನ್ನ ಕಥೆಯನ್ನು ಮದುವೆಯ ವರ್ಷದಿಂದ ಶುರುಮಾಡಿದಳು. ಕೇಳುತ್ತ ಕೇಳುತ್ತ ದ್ರೌಪದಿಯ ಕಣ್ಣು ಮುಚ್ಚಿದವು, ಬಾಯಿ ತೆರೆಯಿತು, ಸಣ್ಣಗೆ ಗೊರಕೆಯೂ ಬಂತು. ಶುಭಾಂಗಿ ಅದನ್ನು ನೋಡಿದಳು, ಜಾರಿದ ಕೌದಿಯನ್ನು ಅವಳ ಕಾಲ ಮೇಲೆ ಎಳೆದಳು, ದನಿ ಒಂದಿಷ್ಟು ತಗ್ಗಿಸಿ ಮುಂದೆ ಹೇಳುತ್ತಲೇ ಇದ್ದಳು.